ಕನ್ನಡಕದ ಎದುರಿಗೆ ನಿಲ್ಲುವವರು

ಗಾಜಿನ ಮೇಲೆಯೇ ಅಕ್ಷರ, ಚಿತ್ರ, ದಾರಿ ತೋರಿಸುವ ಕನ್ನಡಕವು ಮುಂದೆ ಮೊಬೈಲ್ ಫೋನಿನ ಜಾಗವನ್ನೇ ಹಿಡಿಯುವುದೆಂಬ ಮಾತು ಕೇಳಿಬರುತ್ತಿದೆ. ಹಿಡಿಯಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದವರು ಧರಿಸುವವರು ಮಾತ್ರವಲ್ಲ, ಅವರ ಎದುರಿಗೆ ನಿಲ್ಲುವವರೂ ಹೌದೆಂಬುದು ನಮ್ಮ ಮತ.

ಗೂಗಲ್ ಕಂಪೆನಿಯು 2013ರಲ್ಲಿ ಅಮೆರಿಕದಲ್ಲಿ 1,500 ಡಾಲರ್ ಬೆಲೆಯ ‘ಗ್ಲಾಸ್’ ಕನ್ನಡಕವನ್ನು ಹೊರತಂದಿತು. ಬೆಲೆ ವಿಪರೀತವಾಗಿತ್ತು ನಿಜ. ಆದರೆ ಜನರನ್ನು ಕೆರಳಿಸಿದ್ದು ಅದರ ಕ್ಯಾಮರಾ. ಅದೇ ವರ್ಷ ಸಿಯಾಟಲ್ ನಗರದ ಪಾನಗೃಹವೊಂದು ಅದನ್ನು ಧರಿಸಿ ಒಳಗೆ ಬರಬಾರದೆಂದಿತು. 2015ರ ಜನವರಿಯಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತಿತು.

ಗಿರಾಕಿಗಳು ಬೇಡವೆಂದದ್ದು ಉಗ್ರಾಣಗಳಲ್ಲಿ ಉಳಿಯಿತು. ಅದೇ 2015ರಲ್ಲಿ ಡಿಎಚ್‌ಎಲ್ ಸಂಸ್ಥೆಯು ನೆದರ್‌ಲೆಂಡ್ಸಿನ ಉಗ್ರಾಣದಲ್ಲಿ ಸರಕು ಆರಿಸುವ ಕೆಲಸಗಾರರಿಗೆ ಇಂಥ ಕನ್ನಡಕ ತೊಡಿಸಿ, ಕೆಲಸ ಶೇಕಡಾ 25ರಷ್ಟು ಚುರುಕಾಯಿತೆಂದು ಸಾರಿತು. ಹೆಚ್ಚಿದ ದುಡಿಮೆಗೆ ಕೂಲಿಯೂ ಹೆಚ್ಚಬೇಡವೇ ಎಂದು ನಾವು ಕೇಳುತ್ತೇವೆ.

ಈಗ ಅದು ಮತ್ತೆ ಪೇಟೆಗೆ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಮೆಟಾ ಕಂಪೆನಿಯು ಗಾಜಿನೊಳಗೆ ಪರದೆಯುಳ್ಳ ಕನ್ನಡಕವನ್ನು 799 ಡಾಲರಿಗೆ ಪ್ರಕಟಿಸಿತು. ನೋಡಿದರೆ ಸಾಧಾರಣ ಕನ್ನಡಕದಂತೆಯೇ ಇದೆ. ಚಿತ್ರ ತೆಗೆಯುವಾಗ ಪುಟ್ಟದೊಂದು ದೀಪ ಹೊತ್ತುತ್ತದೆ, ಅಷ್ಟೇ. ಮೆಟಾದ ಹಿಂದಿನ ಕ್ಯಾಮರಾ ಕನ್ನಡಕದಿಂದಲೇ ಅಪರಿಚಿತರ ಮುಖ ಹಿಡಿದು, ಹೆಸರು, ವಿಳಾಸ ಪತ್ತೆಹಚ್ಚಬಹುದೆಂದು ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು 2024ರಲ್ಲೇ ತೋರಿಸಿಕೊಟ್ಟರು.

ಧರಿಸಿದವನು ಬೇಕಾದಾಗ ತೆಗೆದಿಡಬಲ್ಲ. ಅಂಗಡಿಯ ಗಲ್ಲೆಯಲ್ಲಿ ಕುಳಿತವಳು, ಬಸ್ಸಿನ ಕಂಡಕ್ಟರ್, ಆಸ್ಪತ್ರೆಯ ದಾದಿ ಮುಖ ತಿರುಗಿಸಿ ಹೋಗುವಂತಿಲ್ಲ. ಎದುರಿಗೆ ನಿಲ್ಲುವುದೇ ಅವರ ಕೆಲಸ. ಆದುದರಿಂದ ನಮ್ಮ ಬೇಡಿಕೆ ಎರಡೇ: ಮುಚ್ಚಲಾಗದ, ಎಲ್ಲರಿಗೂ ಕಾಣುವ ದೀಪವಿರಲಿ, ‘ದಯವಿಟ್ಟು ಕನ್ನಡಕ ತೆಗೆಯಿರಿ’ ಎನ್ನುವ ನೌಕರನಿಗೆ ಕೆಲಸ ಹೋಗುವ ಭಯ ಬೇಡ.