ಬೋರ್ಡ್ ಬದಲಿಸುವ ಮುಂಚೆ ಮೀಟರ್ ಹಿಡೀರಿ!

ಪೀಣ್ಯದ ಶೆಡ್ಡಾಗಲಿ, ಬೊಮ್ಮಸಂದ್ರವಾಗಲಿ, ಬೆಳಗಾವಿಯ ಉದ್ಯಮಬಾಗವಾಗಲಿ, ಏರ್ ಕಂಪ್ರೆಸರ್ ಕೈಕೊಟ್ಟರೆ ಇಡೀ ಘಟಕ ಬಂದ್. ಆಗ ಬರುತ್ತಾನೆ ಸರ್ವೀಸ್ ಮಹಾಶಯ. ಪ್ಯಾನೆಲ್ ಬಾಗಿಲು ತೆರೆದು ಒಮ್ಮೆ ಇಣುಕಿ ತೀರ್ಪು ಕೊಟ್ಟುಬಿಡುತ್ತಾನೆ: "ಕಂಟ್ರೋಲರ್ ಬೋರ್ಡ್ ಹೋಗಿದೆ, ಹೊಸದೇ ಹಾಕ್ಬೇಕು." ಮಾಲೀಕ ತಲೆಯಾಡಿಸುತ್ತಾನೆ. ಐಟಿಐ, ಡಿಪ್ಲೊಮಾ ಮುಗಿಸಿದ ನೀವು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತೀರಿ. ಯಾಕೆ ಸ್ವಾಮಿ? ಮಲ್ಟಿಮೀಟರನ್ನು ಆಯುಧಪೂಜೆಗೆ ಅಂತ ಇಟ್ಟುಕೊಂಡಿದ್ದೀರಾ?

ಗೆಳೆಯರೇ, ಆ ಬೋರ್ಡಿಗೆ ತಾನಾಗಿ ಒತ್ತಡ ಗೊತ್ತಾಗುವುದಿಲ್ಲ. ಅದು ಕುರುಡ. ಟ್ಯಾಂಕಿನ ಸುದ್ದಿ ಅದಕ್ಕೆ ಮುಟ್ಟಿಸುವುದು ಹೆಬ್ಬೆರಳಿನಷ್ಟು ದಪ್ಪದ ಟ್ರಾನ್ಸ್‌ಡ್ಯೂಸರ್. ಗಾಳಿ ಒತ್ತಿದಷ್ಟೂ ಅದರೊಳಗಿನ ತೆಳು ಪೊರೆ ಬಾಗುತ್ತದೆ, ಬಾಗಿದಷ್ಟೂ ಕರೆಂಟ್ ಏರುತ್ತದೆ. 0ಯಿಂದ 10 ಬಾರ್‌ನ ಎರಡು ವೈರಿನ ಟ್ರಾನ್ಸ್‌ಡ್ಯೂಸರ್ ತೆಗೆದುಕೊಳ್ಳಿ. ಸೊನ್ನೆ ಒತ್ತಡಕ್ಕೆ 4 ಮಿಲಿಆಂಪ್, 5 ಬಾರ್‌ಗೆ 12, 10 ಬಾರ್‌ಗೆ 20. ಸೊನ್ನೆಗೂ 4 ಯಾಕೆ? ವೈರ್ ತುಂಡಾದರೆ ಬರುವುದು 0. ತುಂಡಾದ ವೈರಿಗೂ ಖಾಲಿ ಟ್ಯಾಂಕಿಗೂ ವ್ಯತ್ಯಾಸ ತಿಳಿಯಲಿ ಅಂತ.

ಮೊದಲು ಟ್ಯಾಂಕಿನ ಮುಳ್ಳಿನ ಗೇಜ್ ನೋಡಿ. 6 ಬಾರ್ ಇದೆಯೇ? ಹಾಗಾದರೆ ಮೀಟರನ್ನು ವೈರಿನ ಸಾಲಿನೊಳಗೆ ಸೇರಿಸಿದಾಗ 13.6 ಮಿಲಿಆಂಪ್ ಬರಬೇಕು. (ಮಿಲಿಆಂಪ್‌ಗಿಟ್ಟ ಮೀಟರನ್ನು 24 ವೋಲ್ಟ್ ಸಪ್ಲೈಗೆ ಅಡ್ಡ ಹಿಡಿದೀರಿ ಜೋಕೆ, ಫ್ಯೂಸ್ ಹಾರುತ್ತದೆ.) ಮ್ಯಾನುಯಲ್ ಇಂಗ್ಲಿಷಿನಲ್ಲಿದೆ ಎಂಬ ನೆಪ ಬೇಡ. 13.6 ಯಾವ ಭಾಷೆ?

13.6 ಬರುತ್ತಿದ್ದೂ ಪರದೆ 9.6 ತೋರಿಸುತ್ತಿದೆಯೇ? ಯಾರೋ ಪುಣ್ಯಾತ್ಮ ಸೆಟ್ಟಿಂಗಿನಲ್ಲಿ 10ರ ಬದಲು 16 ಬಾರ್ ಒತ್ತಿದ್ದಾನೆ. 7.5ಕ್ಕೆ ನಿಲ್ಲಬೇಕಾದ ಕಂಪ್ರೆಸರ್ ನಿಜವಾಗಿ 4.7ಕ್ಕೇ ನಿಲ್ಲುತ್ತದೆ. ಗಾಳಿ ಸಾಲದೆ ಮಷಿನ್ ಮುಗ್ಗರಿಸಿದರೆ ಬೈಗುಳ ಪಿಸ್ಟನ್‌ಗೆ! ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಹೊಸ ಬೋರ್ಡಿನ ಬಿಲ್ಲು.

ಕರೆಂಟೇ ಇಲ್ಲವೇ? ಟ್ರಾನ್ಸ್‌ಡ್ಯೂಸರಿನ ತುದಿಯಲ್ಲಿ 24 ವೋಲ್ಟ್ ಇದೆಯೇ ನೋಡಿ, ಪ್ಲಸ್ ಮೈನಸ್ ಅದಲುಬದಲಾಗಿದೆಯೇ ನೋಡಿ, ಕನೆಕ್ಟರ್ ಬಿಚ್ಚಿ ಎಣ್ಣೆ, ನೀರು ಒರೆಸಿ. ಅಂಕಿ ಕುಣಿಯುತ್ತಿದ್ದರೆ ಸಿಗ್ನಲ್ ವೈರನ್ನು ಮೋಟಾರಿನ ಕೇಬಲ್ ಜೊತೆ ಕಟ್ಟಿರಬಹುದು, ಬೇರೆ ಮಾಡಿ.

ಅಂಕಿ ಕದಲದೇ ಕೂತರೆ ಮಾತ್ರ ಎಚ್ಚರ. ಮೇನ್ ಆಫ್ ಮಾಡಿ, ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ಗೇಜ್ ಸೊನ್ನೆಗೆ ಬಂದಮೇಲೆ ಬರೀ ಪ್ಯಾನೆಲ್‌ಗೆ ಕರೆಂಟ್ ಕೊಟ್ಟು ನೋಡಿ. ಪರದೆ ಇನ್ನೂ 6 ಅಂತಿದ್ದರೆ ಟ್ರಾನ್ಸ್‌ಡ್ಯೂಸರಿನ ಬಾಯಿ ತುಕ್ಕು, ಎಣ್ಣೆ ಜಿಡ್ಡಿನಿಂದ ಕಟ್ಟಿರಬಹುದು. ಮತ್ತೆ ಆಫ್ ಮಾಡಿ, ಬಿಚ್ಚಿ, ತೊಳೆಯಿರಿ. ಸೂಜಿ ಚುಚ್ಚಬೇಡಿ, ಪೊರೆ ಹರಿಯುತ್ತದೆ.

ಇಷ್ಟು ಮಾಡಿದ ಮೇಲೆ ಬೋರ್ಡಿನ ಸರದಿ. ಲೂಪ್ ಕ್ಯಾಲಿಬ್ರೇಟರಿನಿಂದ 12 ಮಿಲಿಆಂಪ್ ಕೊಡಿ. 5 ಬಾರ್ ತೋರಿಸದಿದ್ದರೆ ಬೋರ್ಡ್ ಹೋಗಿದೆ, ಖಂಡಿತ ಬದಲಿಸಿ, ಯಾರು ಬೇಡ ಅಂದರು?

ಇನ್ನೊಂದು ಜಾತಿಯ ಶೂರರಿದ್ದಾರೆ. "ಜಂಪರ್ ಹಾಕು, ನಡೀತದೆ" ಎನ್ನುವವರು! ಬಾಯಿ ಕಟ್ಟಿದ ಟ್ರಾನ್ಸ್‌ಡ್ಯೂಸರ್ 3 ಬಾರ್ ಅನ್ನುತ್ತಲೇ ಇದ್ದರೆ ಕಂಪ್ರೆಸರ್ ಗಾಳಿ ತುಂಬುತ್ತಲೇ ಹೋಗುತ್ತದೆ. ಹೈ ಪ್ರೆಶರ್ ಸ್ವಿಚ್ಚಿಗೂ ಜಂಪರ್ ಬಿದ್ದಮೇಲೆ ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಅದೂ ಪದೇಪದೇ ಹಾರುತ್ತದೆಂದು ಸ್ಪ್ರಿಂಗ್ ಬಿಗಿ ಮಾಡುವ ಮಹಾನುಭಾವರಿದ್ದಾರೆ. ಆಮೇಲೆ ಸಿಡಿಯುವುದು ಟ್ಯಾಂಕು. ಅದರ ಪಕ್ಕ ನಿಂತಿರುವುದು ಮಾಲೀಕನಲ್ಲ, ನೀವು. ಸುರಕ್ಷಿತ ಒತ್ತಡ ಮೀರದಂತೆ ನೋಡಿಕೊಳ್ಳಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಮಿನಲ್ಲೇ ಬರೆದಿದ್ದರು. ಜಂಪರ್ ಹಾಕು ಎಂದವನಿಗೆ ಅದನ್ನು ಹೇಳಿ, ಬಗ್ಗದಿದ್ದರೆ ಮೇನ್ ಆಫ್ ಮಾಡಿ ಆಚೆ ಬನ್ನಿ.

ಮುಂದಿನ ಸಲ ಮಹಾಶಯ ಬಂದಾಗ ಬಿಲ್ಲಿನ ಮೇಲೆ ಎರಡು ಅಂಕಿ ಬರೆಸಿಕೊಳ್ಳಿ: ಗೇಜ್ ಎಷ್ಟು, ಮಿಲಿಆಂಪ್ ಎಷ್ಟು. ಹಳೆಯ ಬೋರ್ಡನ್ನೂ ಕೇಳಿ ಇಟ್ಟುಕೊಳ್ಳಿ. ಬರೆಯುವುದಿಲ್ಲ ಅಂದರೆ ಸಹಿ ಹಾಕಬೇಡಿರೆಂದು ಮಾಲೀಕನಿಗೆ ಅಲ್ಲೇ, ಅವನೆದುರೇ ಹೇಳಿ.