ಮಣಿಕಟ್ಟಿನ ವಸ್ತಾದನಿಗೆ ನಮ್ಮ ಊರು ಗೊತ್ತೇ?

ಗರಡಿಮನೆಯಲ್ಲಿ ಕುಸ್ತಿ ಕಲಿಸುವವನನ್ನು ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಉಸ್ತಾದ್ ಎಂಬ ಪಾರಸಿ ಪದ ಕನ್ನಡಿಗರ ಬಾಯಲ್ಲಿ ಹಾಗಾಯಿತು. ಹನುಮಂತನ ಪಟ ತೂಗುಹಾಕಿದ ಗರಡಿಗಳಲ್ಲಿ ಮುಸ್ಲಿಮ್ ಹುಡುಗರು ಸಾಮು ಮಾಡಿದ್ದಾರೆ, ಮುಸ್ಲಿಮ್ ವಸ್ತಾದರ ಕೈಕೆಳಗೆ ಹಿಂದೂ ಹುಡುಗರು ಪಟ್ಟು ಕಲಿತಿದ್ದಾರೆ. ಈ ವಸ್ತಾದರಲ್ಲಿ ಬಹುತೇಕರು ಶರೀರಶಾಸ್ತ್ರದ ಪುಸ್ತಕ ಓದಿದವರಲ್ಲ. ಆದರೆ ತಮ್ಮ ಹುಡುಗ ರಾತ್ರಿ ಏನು ತಿಂದ, ಎಷ್ಟು ನಿದ್ದೆ ಮಾಡಿದ, ಮನೆಯಲ್ಲಿ ಜಗಳವಾಯಿತೇ ಎಂಬುದು ಅವರಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಈಗ ಆ ಜಾಗಕ್ಕೆ ಹೊಸ ವಸ್ತಾದನೊಬ್ಬ ಬಂದಿದ್ದಾನೆ. ಅವನು ಮಣಿಕಟ್ಟಿನ ಮೇಲೆ ಕೂತು ನಾಡಿ ಎಣಿಸುತ್ತಾನೆ, ಫೋನಿನೊಳಗೆ ಕೂತು ಬುದ್ಧಿ ಹೇಳುತ್ತಾನೆ. ಅವನನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು ಎಂಬುದೇ ನಮ್ಮ ಪ್ರಶ್ನೆ.

ನಸುಕಿನಲ್ಲಿ ದಾವಣಗೆರೆಯ ಕುಂದುವಾಡ ಕೆರೆಯ ಏರಿಗೆ ಹೋದರೆ ಅಥವಾ ಹರಿಹರದ ತುಂಗಭದ್ರೆಯ ದಂಡೆಯ ಕಡೆ ಬಂದರೆ ಓಡುವವರು ಕಾಣಸಿಗುತ್ತಾರೆ. ಅವರಲ್ಲಿ ಎರಡು ಬಗೆ. ಒಂದು, ಮ್ಯಾರಥಾನ್, ಸೈಕ್ಲಿಂಗ್ ಎಂದು ಹವ್ಯಾಸಕ್ಕೆ ಇಳಿದ ವೈದ್ಯರು, ವ್ಯಾಪಾರಿಗಳು, ಎಂಜಿನಿಯರುಗಳು. ಎರಡು, ಪೊಲೀಸ್ ಮತ್ತು ಸೇನಾ ಭರ್ತಿಗೆ ತಯಾರಾಗುತ್ತಿರುವ ಬಡವರ ಮಕ್ಕಳು. ಕರ್ನಾಟಕ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಆ ಕೆಲವು ಸೆಕೆಂಡುಗಳ ಮೇಲೆ ಒಂದು ಕುಟುಂಬದ ಅನ್ನ ನಿಂತಿರುತ್ತದೆ. ಈ ಎರಡು ಬಗೆಯವರಿಗೂ ಸಮಾನವಾದ ಸಂಗತಿಯೊಂದಿದೆ. ಬಹುಪಾಲು ಮಂದಿಗೆ ತರಬೇತುದಾರರಿಲ್ಲ. ತಮಗೆ ತಾವೇ ಗುರು.

ದಾವಣಗೆರೆ 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿತು. ಊರು ಸ್ಮಾರ್ಟ್ ಆಯಿತು, ಕೈಗಡಿಯಾರವೂ ಸ್ಮಾರ್ಟ್ ಆಯಿತು, ಓಡುವ ಹುಡುಗನಿಗೆ ದಾರಿ ತೋರಿಸುವ ಒಬ್ಬ ಮನುಷ್ಯ ಮಾತ್ರ ಸಿಗಲಿಲ್ಲ. ಈ ಖಾಲಿ ಜಾಗವನ್ನು ಮಾರುಕಟ್ಟೆ ಚೆನ್ನಾಗಿ ಗುರುತಿಸಿದೆ. ಗಾರ್ಮಿನ್ ಕಂಪೆನಿ 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಸಲಹೆಗೆಂದು ಪ್ರತ್ಯೇಕ ಚಂದಾ ಆರಂಭಿಸಿತು. ಮರು ತಿಂಗಳೇ ಸ್ಟ್ರಾವಾ ಕಂಪೆನಿ, ಓಟದ ತರಬೇತಿ ಯೋಜನೆ ಬರೆದುಕೊಡುವ ರನ್ನಾ ಎಂಬ ಆ್ಯಪನ್ನು ಕೊಳ್ಳುವುದಾಗಿ ಪ್ರಕಟಿಸಿತು. ವಾಚಿಗೆ ದುಡ್ಡಿಲ್ಲದವನಿಗೆ ಚಾಟ್‌ಜಿಪಿಟಿ ಇದೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಎಂಟು ವಾರದ ಯೋಜನೆ ಕೊಡುತ್ತದೆ.

ಈ ಯಂತ್ರಗಳಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸೋಣ. ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಗುರುತಿಸಿ ನಾಡಿ ಲೆಕ್ಕಹಾಕುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಯ ಮೇಲೆ ಇಂಥ 7 ಉಪಕರಣಗಳನ್ನು ಪರೀಕ್ಷಿಸಿದರು. 6 ಉಪಕರಣಗಳು ನಾಡಿಯನ್ನು ಶೇಕಡಾ 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಅಳೆದವು. ಆದರೆ ಎಷ್ಟು ಕ್ಯಾಲೊರಿ ಖರ್ಚಾಯಿತು ಎಂಬ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಉಪಕರಣವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು! ಅಂದರೆ ನೇರವಾಗಿ ಅಳೆಯುವ ಕೆಲಸದಲ್ಲಿ ವಾಚು ತಕ್ಕಮಟ್ಟಿಗೆ ನಂಬಿಗಸ್ತ. ಅಳತೆಯಿಂದ ಊಹೆಗೆ ಹಾರಿದಾಗ ಅದರ ಮಾತು ಸಡಿಲ. ದುರದೃಷ್ಟವೆಂದರೆ ಎರಡೂ ಒಂದೇ ಪರದೆಯ ಮೇಲೆ ಒಂದೇ ಗತ್ತಿನಲ್ಲಿ ಕಾಣಿಸಿಕೊಳ್ಳುತ್ತವೆ.

ಇನ್ನೊಂದು ಉದಾಹರಣೆ. ಎದೆಬಡಿತದ ಗರಿಷ್ಠ ಮಿತಿಯನ್ನು 220ರಿಂದ ವಯಸ್ಸು ಕಳೆದು ತಿಳಿಯುವ ಸೂತ್ರ ಎಲ್ಲೆಡೆ ಚಾಲ್ತಿಯಲ್ಲಿದೆ. 20 ವರ್ಷದವನಿಗೆ 200. ಇದು ಸರಾಸರಿ ಲೆಕ್ಕ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚು ಕಡಿಮೆ ಇರುವುದು ತೀರಾ ಸಾಮಾನ್ಯ. ನಿಜವಾದ ಮಿತಿ 185 ಇರುವ ಹುಡುಗನಿಗೆ ಈ ಸೂತ್ರದ ಮೇಲೆ ಯೋಜನೆ ಕೊಟ್ಟರೆ, ಆರಾಮದ ಓಟವೆಂದು ವಾಚು ಹೇಳಿದ್ದು ಅವನ ಪಾಲಿಗೆ ದಮ್ಮು ಹಿಂಡುವ ಓಟವಾಗಿರುತ್ತದೆ. ಇನ್ನು ದಿನಕ್ಕೆ 10,000 ಹೆಜ್ಜೆಯ ಶಾಸನವಂತೂ 1965ರಲ್ಲಿ ಜಪಾನಿನ ಕಂಪೆನಿಯೊಂದು ತನ್ನ ಹೆಜ್ಜೆ ಎಣಿಸುವ ಉಪಕರಣಕ್ಕೆ ಇಟ್ಟ ಹೆಸರಿನಿಂದ ಹರಡಿದ್ದು. ಜಾಹೀರಾತು ವಿಜ್ಞಾನದ ವೇಷ ತೊಡಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಅಂಕಿಗಳು ಸರಿಯಿದ್ದರೂ ಬದುಕು ಅದರೊಳಗೆ ಹಿಡಿಯುವುದಿಲ್ಲ ಎಂಬುದು ನಮ್ಮ ಮುಖ್ಯ ತಕರಾರು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೋಡಿ. ಬೆಳಗಾಗುವ ಮುನ್ನವೇ ಒಲೆ ಹೊತ್ತಿಸಿ, ಹೊಗೆ ಮತ್ತು ಕಾವಿನ ನಡುವೆ ಇಡೀ ಕುಟುಂಬಗಳು ದುಡಿಯುತ್ತವೆ. ಇವುಗಳಲ್ಲಿ ಮುಸ್ಲಿಮ್ ಕುಟುಂಬಗಳ ಸಂಖ್ಯೆ ದೊಡ್ಡದು. ಅಂಥ ಮನೆಯ ಹುಡುಗ ಭಟ್ಟಿಯ ಮುಂದೆ ಮೂರು ತಾಸು ನಿಂತು ಆಮೇಲೆ ಓಡಲು ಬರುತ್ತಾನೆ. ವಾಚಿನ ಲೆಕ್ಕದಲ್ಲಿ ಅವನು ಇನ್ನೂ ವ್ಯಾಯಾಮ ಶುರುಮಾಡಿಲ್ಲ! ದೇಶದ ಗಾಳಿಯ ಗುಣಮಟ್ಟದ ಮಿತಿಯನ್ನು ಮುಟ್ಟದ ಊರುಗಳೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗುರುತಿಸಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ದಾವಣಗೆರೆಯೂ ಒಂದು. ಹರಿಹರಕ್ಕೆ ಇಲ್ಲಿಂದ ಸುಮಾರು 14 ಕಿಲೋಮೀಟರ್. ದೂರದ ಓಟದ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಅಂತರ. ಆದರೆ ಲಾರಿಗಳ ಹೊಗೆ ಕುಡಿಯುತ್ತಾ ಹೆದ್ದಾರಿಯ ಬದಿಯಲ್ಲಿ ಓಡುವುದೂ, ಮರಗಳ ನಡುವಿನ ಮಣ್ಣಿನ ದಾರಿಯಲ್ಲಿ ಓಡುವುದೂ ಕಿಲೋಮೀಟರಿನ ಲೆಕ್ಕದಲ್ಲಿ ಒಂದೇ ಆಗುತ್ತದೆ.

ರಮಝಾನ್ ಬಂತೆಂದರೆ ಈ ಗೊಂದಲ ಇನ್ನೂ ಹೆಚ್ಚು. ತರಾವೀಹ್ ಮುಗಿಸಿ ಮಲಗುವುದು ತಡ, ಸಹರಿಗೆ ಏಳುವುದು ಬೇಗ. ನಿದ್ದೆ ಎರಡು ತುಂಡಾಗುತ್ತದೆ. ಇಫ್ತಾರ್‌ವರೆಗೆ ಹನಿ ನೀರಿಲ್ಲ. ವಾಚು ಬೆಳಿಗ್ಗೆ ಎದ್ದ ಕೂಡಲೇ ಕೆಂಪು ಬಣ್ಣದಲ್ಲಿ ನಿಮ್ಮ ಶರೀರ ಸಿದ್ಧವಾಗಿಲ್ಲ ಎಂದು ಫರ್ಮಾನು ಹೊರಡಿಸುತ್ತದೆ. ಅದಕ್ಕೆ ಕಾಣುವುದು ಕೊರತೆ ಮಾತ್ರ. ಇದು ಕಾಯಿಲೆಯಲ್ಲ, ಮನುಷ್ಯ ತಾನಾಗಿ ಒಪ್ಪಿ ಕೈಗೊಂಡ ಶಿಸ್ತು ಎಂಬುದನ್ನು ನಾವೇ ಹೇಳದ ಹೊರತು ಅದು ಅರಿಯದು. ಹುಡುಗ ಏನು ಮಾಡುತ್ತಾನೆ? ಒಂದೋ ತನ್ನ ಉಪವಾಸದ ಬಗ್ಗೆ ಸುಮ್ಮನೆ ಅಳುಕುತ್ತಾನೆ, ಇಲ್ಲವೇ ಎಚ್ಚರಿಕೆಯನ್ನೆಲ್ಲ ಕಡೆಗಣಿಸಿ ಮಧ್ಯಾಹ್ನದ ಬಿಸಿಲಿಗೆ ಇಳಿಯುತ್ತಾನೆ. ಎರಡೂ ತಪ್ಪು. ಅನುಭವಿಯೊಬ್ಬ ಜೊತೆಗಿದ್ದರೆ ಓಟವನ್ನು ಇಫ್ತಾರ್ ಆದ ಮೇಲಿನ ಹೊತ್ತಿಗೆ ಸರಿಸಿ, ತಿಂಗಳ ಮಟ್ಟಿಗೆ ದೂರ ಕಡಿಮೆಮಾಡಿ ಹಗುರಾಗಿ ನಡೆಸಿಕೊಂಡು ಹೋಗುತ್ತಿದ್ದ.

ಎಐಗೆ ನಮ್ಮ ಪರಿಸ್ಥಿತಿಯನ್ನು ವಿವರಿಸಿದರಾಯಿತಲ್ಲ, ಅದು ಯೋಜನೆ ಬದಲಿಸಿಕೊಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ನಿಜ, ಬದಲಿಸಿಕೊಡುತ್ತದೆ. ಕೇಳಿದ್ದಕ್ಕೆಲ್ಲ ಹೂಂಗುಟ್ಟುವುದೇ ಅದರ ದೊಡ್ಡ ದೋಷ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಆವೃತ್ತಿಯೊಂದು ಬಳಕೆದಾರರನ್ನು ಅತಿಯಾಗಿ ಹೊಗಳಿ ಓಲೈಸುತ್ತಿದೆ ಎಂದು ಅದನ್ನು ತಯಾರಿಸಿದ ಓಪನ್‌ಎಐ ಕಂಪೆನಿಯೇ ಒಪ್ಪಿ ಹಿಂದೆಗೆದುಕೊಂಡಿತು. ಮೊಣಕಾಲು ಊದಿದ್ದರೂ ನಾಳೆ ಓಡಲೇಬೇಕು ಎಂದು ಹಟ ಹಿಡಿದವನಿಗೆ ನಾಲ್ಕು ಎಚ್ಚರಿಕೆ ಕೊಟ್ಟು ಐದನೆಯದಾಗಿ ದಾರಿ ತೋರಿಸುವ ಗುರುವಿನಿಂದ ಏನು ಲಾಭ? "ಇವತ್ತು ಬ್ಯಾಡ ತಮ್ಮಾ, ಮನಿಗೆ ಹೋಗಿ ಮಲಗು" ಎಂದು ಗದರಿ ಗೇಟಿನಿಂದಲೇ ವಾಪಸು ಕಳಿಸುವ ವಸ್ತಾದನ ಮಾತಿಗೆ ತೂಕವಿರುವುದು, ಹುಡುಗ ಬಿದ್ದರೆ ಅವನ ತಾಯಿಗೆ ಮುಖ ತೋರಿಸಬೇಕಾದವನು ಅವನೇ ಎಂಬ ಕಾರಣಕ್ಕೆ. ಆ್ಯಪಿಗೆ ಯಾರ ತಾಯಿಯ ಮುಂದೆಯೂ ನಿಲ್ಲಬೇಕಾಗಿಲ್ಲ.

ಇದು ಬರೀ ಮಾತಿನ ಅಲಂಕಾರವಲ್ಲ. 2024ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಯ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಪುರುಷರು 10 ಕಿಲೋಮೀಟರನ್ನು 60 ನಿಮಿಷದಲ್ಲಿ ಓಡಬೇಕಿತ್ತು. ಸೆಕೆ, ಸರಿಯಾದ ಸಿದ್ಧತೆಯ ಕೊರತೆ, ಉತ್ತೇಜಕ ಮದ್ದುಗಳ ಬಳಕೆ ಇವೆಲ್ಲ ಆಗ ಚರ್ಚೆಗೆ ಬಂದವು. ಆ ಯುವಕರು ಯಾವ ವಾಚು ಕಟ್ಟಿದ್ದರೋ ಇಲ್ಲವೋ, ಅದು ಇಲ್ಲಿ ಮುಖ್ಯವಲ್ಲ. ನಿರುದ್ಯೋಗ ಬೆನ್ನಟ್ಟುತ್ತಿರುವ ದೇಶದಲ್ಲಿ ಒಬ್ಬಂಟಿಯಾಗಿ ತಯಾರಾಗುವ ಮಕ್ಕಳಿಗೆ ಸಾಕು, ನಿಲ್ಲಿಸು ಎನ್ನುವವರು ಬೇಕು ಎಂಬುದು ಮುಖ್ಯ.

ನಾವು ಕೊಡುವ ಅಂಕಿಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಕೇಳಬೇಕಲ್ಲವೇ? 2018ರ ಜನವರಿಯಲ್ಲಿ ಸ್ಟ್ರಾವಾದ ಭೂಪಟದಿಂದ ಹಲವು ದೇಶಗಳ ಸೇನಾ ನೆಲೆಗಳ ಗುಟ್ಟು ಬಯಲಾಯಿತು. ಸೈನಿಕರು ಓಡಿದ ದಾರಿಗಳೇ ಅಲ್ಲಿ ಬೆಳಗುತ್ತಿದ್ದವು. ಸೇನೆಗಳಿಗೇ ಹೀಗಾದರೆ, ದಿನವೂ ಒಂದೇ ಹೊತ್ತಿಗೆ ಒಂದೇ ಬೀದಿಯಿಂದ ಓಡಲು ಹೊರಡುವ ಹುಡುಗಿಯ ಪಾಡೇನು? ಅವಳ ಮನೆಯ ಬಾಗಿಲು, ಹೊರಡುವ ಸಮಯ, ತಿರುಗಿ ಬರುವ ದಾರಿ ಎಲ್ಲವೂ ಭೂಪಟದಲ್ಲಿ ಗೆರೆಯಾಗಿ ಬೀಳುತ್ತವೆ. ಈ ಗೆರೆಯನ್ನು ಮರೆಮಾಡುವ ಸೌಲಭ್ಯ ಆ್ಯಪಿನಲ್ಲಿದೆ, ಆದರೆ ಹಾಗೊಂದು ಇದೆಯೆಂದು ಎಷ್ಟು ಮಂದಿಗೆ ಗೊತ್ತು? ಹೆಜ್ಜೆ ಎಣಿಸಿ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಕೊಡುವ ಆರೋಗ್ಯ ವಿಮೆಗಳು ನಮ್ಮ ದೇಶಕ್ಕೂ ಬಂದಿವೆ. ಇವತ್ತು ನಡೆದವನಿಗೆ ಬಹುಮಾನ ಕೊಡುವ ವ್ಯವಸ್ಥೆ ನಾಳೆ ನಡೆಯಲಾಗದವನಿಗೆ ದಂಡ ಹಾಕುವುದಿಲ್ಲ ಎಂಬ ಭರವಸೆ ಯಾರದು? ಒಂದು ಕಾಲಕ್ಕೆ ದಾವಣಗೆರೆಯ ಹತ್ತಿಗಿರಣಿಗಳ ಸೈರನ್ನು ಕಾರ್ಮಿಕನ ದಿನವನ್ನು ಅಳೆಯುತ್ತಿತ್ತು. ಪಾಳಿ ಮುಗಿದ ಮೇಲಾದರೂ ಅವನ ಹೊತ್ತು ಅವನದಾಗಿತ್ತು. ಈಗ ನಿದ್ದೆಗೂ ಅಂಕ ಬೀಳುತ್ತದೆ.

ಕೋಚು ಎಲ್ಲಿದ್ದಾನೆ, ಇಲ್ಲದವನಿಗೆ ಆ್ಯಪಾದರೂ ಇರಲಿ ಎಂಬ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಅದು ಬಡವನ ಮಾತು, ಗೌರವಿಸಬೇಕಾದದ್ದು. ಆದರೆ ಕೋಚು ಇಲ್ಲದಿರುವುದು ವಿಧಿಲಿಖಿತವೇನಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಚಪ್ಪಲಿ ಕಾರ್ಖಾನೆಯ ಕೆಲಸಗಾರ. ಮನೆಮನೆಗೆ ಹಾಲು ಹಾಕಿಯೂ ದುಡಿದವನು. ಹೇಗೆ ಓಡಿದರೆ ದಮ್ಮು ಬೆಳೆಯುತ್ತದೆ ಎಂದು ವರ್ಷಗಟ್ಟಲೆ ತನ್ನ ಮೈಮೇಲೆಯೇ ಪ್ರಯೋಗ ಮಾಡಿದ. ಕಲಿತದ್ದನ್ನು ತನ್ನ ಅಕ್ಕಪಕ್ಕದ ಹುಡುಗರಿಗೆ ಕಲಿಸಿದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರಿ ಹಾಲ್‌ಬರ್ಗ್ 5000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಲಿಡಿಯಾರ್ಡ್ ಕೂಡ ತನಗೆ ತಾನೇ ಗುರುವಾಗಿದ್ದವನು. ಅವನು ಅಲ್ಲಿಗೇ ನಿಲ್ಲದೆ ನೆರೆಯವರಿಗೂ ಗುರುವಾದ. ಇಂಥ ಒಬ್ಬಿಬ್ಬರು ನಮ್ಮ ಊರಿನಲ್ಲಿ ಇರಲಾರರೇ?

ಶರೀರ ದೇವನು ನಮಗೊಪ್ಪಿಸಿದ ಅಮಾನತ್ತು ಎಂದು ನಂಬುವವರು ನಾವು. ಅದನ್ನು ಕೆಡಿಸುವುದೂ ತಪ್ಪು, ಅದರ ಪೂಜೆಗೆ ಕೂರುವುದೂ ತಪ್ಪು. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು, ಒಮ್ಮೆ ಆಯಿಶಾ(ರ) ಗೆದ್ದದ್ದು, ಮುಂದೊಮ್ಮೆ ಪ್ರವಾದಿ(ಸ)ಯವರು ಗೆದ್ದದ್ದು ಹದೀಸ್‌ಗಳಲ್ಲಿ ದಾಖಲಾಗಿದೆ. ಅಲ್ಲಿ ಓಟವಿತ್ತು, ಪೈಪೋಟಿ ಇತ್ತು, ಪ್ರೀತಿಯೂ ಇತ್ತು. ಹೆಣ್ಣುಮಗಳು ಓಡುವುದನ್ನು ಕಂಡು ಹುಬ್ಬುಗಂಟಿಕ್ಕುವ ನಮ್ಮ ಹಿರಿಯರು ಈ ಘಟನೆಯನ್ನು ಒಮ್ಮೆ ನೆನೆಯಲಿ. ಅವಳಿಗೆ ಜೊತೆಗಾರರಿಲ್ಲದಂತೆ ಮಾಡಿ, ಕಡೆಗೆ ಫೋನಿನ ಕೈಗೆ ಒಪ್ಪಿಸಿದವರಲ್ಲಿ ನಮ್ಮ ಸಮಾಜವೂ ಸೇರಿದೆ.

ಆಗಬೇಕಾದ ಕೆಲಸಗಳು ಬೆಟ್ಟದಷ್ಟೇನೂ ಇಲ್ಲ. ದಾವಣಗೆರೆ, ಹರಿಹರದಲ್ಲಿ ನಿವೃತ್ತ ಪೊಲೀಸರಿದ್ದಾರೆ, ಮಾಜಿ ಸೈನಿಕರಿದ್ದಾರೆ, ದೈಹಿಕ ಶಿಕ್ಷಕರಿದ್ದಾರೆ. ವಾರಕ್ಕೆರಡು ಬೆಳಗು ಅವರು ಮೈದಾನಕ್ಕೆ ಬರಲಿ. ಭರ್ತಿಗೆ ಓಡುವ ಮಕ್ಕಳ ಎದೆ, ರಕ್ತದೊತ್ತಡ, ರಕ್ತಹೀನತೆಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತಪಾಸಣೆ ಮಾಡಲು ವೈದ್ಯಕೀಯ ಕಾಲೇಜುಗಳಿರುವ ಈ ಊರಿಗೆ ಕಷ್ಟವಿಲ್ಲ. ಮಸೀದಿ ಕಮಿಟಿಗಳು, ಅಂಜುಮನ್‌ಗಳು, ಮಠಗಳು, ಗರಡಿಗಳು ಸೇರಿ ಬಡ ಓಟಗಾರರಿಗೆ ಒಳ್ಳೆಯ ಬೂಟು ಕೊಡಿಸಲಿ. ಜಿಲ್ಲಾ ಕ್ರೀಡಾಂಗಣದಲ್ಲಿ ಮಹಿಳೆಯರಿಗೆ ಮೀಸಲು ಹೊತ್ತು, ಮಹಿಳಾ ತರಬೇತುದಾರರು ಬೇಕೆಂದು ನಾವು ಸರಕಾರವನ್ನು ಒತ್ತಾಯಿಸಬೇಕು. ವಾಚು ಇದ್ದವರು ಕಟ್ಟಿಕೊಳ್ಳಲಿ, ಅದರ ಅಂಕಿಗಳನ್ನು ವಸ್ತಾದನ ಮುಂದಿಟ್ಟು ಚರ್ಚಿಸಲಿ. ಇಲ್ಲದವರು ಒಂದು ನೋಟುಪುಸ್ತಕ ಇಟ್ಟುಕೊಂಡು ಓಡಿದ ಹೊತ್ತು, ನಿದ್ದೆ, ನೋವು ಬರೆಯಲಿ. ಓಡುತ್ತಾ ಪಕ್ಕದವನೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಬಂದರೆ ಆ ಓಟ ಹಗುರ ಎಂದು ತಿಳಿಯಲು ಚಂದಾ ಕಟ್ಟಬೇಕಾಗಿಲ್ಲ.

ಆದರೆ ಆ ಪರೀಕ್ಷೆಗೆ ಪಕ್ಕದಲ್ಲಿ ಒಬ್ಬ ಓಡುತ್ತಿರಬೇಕು. ಅವನನ್ನು ಒದಗಿಸುವ ಹೊಣೆ ಯಾವ ಕಂಪೆನಿಯದೂ ಅಲ್ಲ, ನಮ್ಮದು.