ಡಬ್ಬಿಯ ಟೈರಿಗೆ ಯಾರೂ ಹಾರ ಹಾಕುವುದಿಲ್ಲ

"ತಮ್ಮಾ, ನೀ ಇರೂದು ಪುಣೆದಾಗ. ಅಲ್ಲಿ ಗಾಡಿ ಮಾಡೂ ಕಾರ್ಖಾನೆ ಭಾಳ ಅದಾವಂತ. ಡಬ್ಬಿಗೆ ನಾಕ ಟೈರ್ ಸೋವಿಯಾಗಿ ಸಿಗತಾವೇನ ನೋಡು."

ಅಣ್ಣನ ಈ ಫೋನು ಬಂದದ್ದು ಕಬ್ಬಿನ ಹಂಗಾಮಿಗೆ ಮೂರು ವಾರ ಮೊದಲು. ಡಬ್ಬಿ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರ್. ನಮ್ಮ ರಾಯಬಾಗ ಕಡೆಯ ಮಾತು. ನಾನು ಆಫೀಸಿನಲ್ಲಿ ಕೂತಲ್ಲೇ ಮೊಬೈಲಿನಲ್ಲಿ ಹೊಸ ಟೈರಿನ ಬೆಲೆ ನೋಡಿ, "ಅಣ್ಣಾ, ಟೈರಿನ ವಿಷಯದಾಗ ರೊಕ್ಕ ಉಳಸಬಾರದು, ಹೊಸಾವ ಹಾಕಸು" ಎಂದು ಬುದ್ಧಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು, ಇಡ್ತೇನಿ" ಅಂದ.

ಹೊಸದು ಹಾಕಿಸಲಿಲ್ಲ. ಹಾಕಿಸುವಷ್ಟು ಹಣ ಅವನ ಹತ್ತಿರ ಇರಲಿಲ್ಲ. ಡಿಸೆಂಬರಿನಲ್ಲಿ ಕಬ್ಬು ಹೇರಿದ ಡಬ್ಬಿಯ ಹಿಂದಿನ ಟೈರೊಂದು ಹಳ್ಳದ ಇಳಿಜಾರಿನಲ್ಲಿ ಸಿಡಿಯಿತು. ಡಬ್ಬಿ ವಾಲಿ ಅರ್ಧ ಕಬ್ಬು ರಸ್ತೆಗೆ ಬಿತ್ತು. ಪಕ್ಕದಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಶಾಲೆಯ ಹುಡುಗ ಹೇಗೋ ಪಾರಾದ. ಆ ಸುದ್ದಿ ಕೇಳಿದ ದಿನದಿಂದ ನನ್ನ ಆ ಉಚಿತ ಬುದ್ಧಿವಾದ ನೆನೆದರೆ ನಾಚಿಕೆಯಾಗುತ್ತದೆ. ಈ ಬರಹ ಮೊದಲು ನನ್ನ ವಿರುದ್ಧ, ಆಮೇಲೆ ಉಳಿದವರ ವಿರುದ್ಧ.

ನಾವು ಊರು ಬಿಟ್ಟವರು ಟ್ರ್ಯಾಕ್ಟರ್ ಕೊಂಡ ದಿನ ಊರಿನಲ್ಲಿರುತ್ತೇವೆ. ಹಾರ, ಕುಂಕುಮ, ನಿಂಬೆಹಣ್ಣು, ಫೋಟೋ, ಸ್ಟೇಟಸ್. ನಮ್ಮ ಸರ್ಕಾರಗಳೂ ಹಾಗೆಯೇ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಲ್ಲಿ ಶುರುವಾಯಿತು. ಅದರ ಸಬ್ಸಿಡಿ ಯಂತ್ರ ಕೊಳ್ಳುವ ದಿನಕ್ಕೆ. ಐದಾರು ವರ್ಷದ ಮೇಲೆ ಆ ಯಂತ್ರದ ಗಾಲಿ ಸವೆದಾಗ ರೈತ ಒಬ್ಬಂಟಿ. ಕೊಳ್ಳುವಾಗ ಎಲ್ಲರೂ ಬೀಗರು, ಓಡಿಸುವಾಗ ಯಾರೂ ಇಲ್ಲ.

ತೆರಿಗೆಯ ಕಥೆಯೂ ಬೇರೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು ಮತ್ತು ಟ್ಯೂಬಿನ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ, ಸ್ವಾಗತ. ಆದರೆ ಡಬ್ಬಿಗೆ ನಮ್ಮ ಕಡೆ ಹಾಕುವುದು ಬಹುಮಟ್ಟಿಗೆ ಲಾರಿಯ ನೈಲಾನ್ ಟೈರು: 7.50-16, 9.00-20 ಇಂಥ ಅಳತೆಗಳು. ಲಾರಿ ಟೈರಿಗೆ ಅದೇ ದಿನ 28ರಿಂದ 18 ಆಯಿತು, ಅಲ್ಲಿಗೆ ನಿಂತಿತು. ಹಳೆಯ ಟೈರಿಗೆ ಹೊಸ ರಬ್ಬರು ಕೂಡಿಸಿದ ರೀಟ್ರೆಡ್ ಟೈರಿಗೆ 2019ರ ಜನವರಿಯಲ್ಲಿ 28ರಿಂದ 18 ಆಗಿತ್ತು. ಅದೂ ಅಲ್ಲೇ ಇದೆ. ಎಳೆಯುವ ಗಾಲಿ ರೈತನದು, ಹೊರುವ ಗಾಲಿ ಸಾಗಣೆ ಕಂಪನಿಯದು ಎಂಬ ಲೆಕ್ಕ. ಒಂದೇ ಕೊಂಡಿಗೆ ಸಿಕ್ಕಿಸಿದ ಎರಡು ಗಾಡಿಗಳಿಗೆ ಎರಡು ನ್ಯಾಯ.

ಬೆಲೆಯನ್ನು ಮಾರುಕಟ್ಟೆ ತಾನಾಗಿ ಸರಿಮಾಡುತ್ತದೆ ಎನ್ನುವವರಿಗೊಂದು ನೆನಪು. ಲಾರಿ-ಬಸ್ಸುಗಳ ನೈಲಾನ್ ಟೈರಿನ ಬದಲಿ ಮಾರುಕಟ್ಟೆಯಲ್ಲಿ ಕಂಪನಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ನಡೆಸಿದವು ಎಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಮಾನಿಸಿ, ಐದು ಕಂಪನಿಗಳಿಗೆ 1,788 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ ಆದೇಶವನ್ನು 2022ರ ಫೆಬ್ರವರಿಯಲ್ಲಿ ಹೊರಗಿಟ್ಟಿತು. ಕಂಪನಿಗಳು ಒಪ್ಪಲಿಲ್ಲ, ಅದೇ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಪ್ರಕರಣವನ್ನು ಮರುಪರಿಶೀಲನೆಗೆ ವಾಪಸು ಕಳಿಸಿತು. ತಪ್ಪು ಯಾರದೆಂದು ಕೋರ್ಟು ಹೇಳಲಿ. ನಾನು ಹೇಳುವುದಿಷ್ಟೇ: ಅದು ಅಣ್ಣನ ಡಬ್ಬಿಗೆ ಬೇಕಾದ ಜಾತಿಯ ಟೈರಿನ ಮಾರುಕಟ್ಟೆ. ಆ ಜಗಳದಲ್ಲಿ ಲಾರಿ ಮಾಲೀಕರ ಹೆಸರು ಕೇಳಿಬಂತು, ರೈತನ ಹೆಸರು ಎಲ್ಲೂ ಕೇಳಲಿಲ್ಲ.

"ಟನ್ನುಗಟ್ಟಲೆ ಹೆಚ್ಚು ಹೇರಿದರೆ ಟೈರು ಸಿಡಿಯದೆ ಇರುತ್ತದೆಯೇ?" ಎಂದು ನನ್ನ ಗೆಳೆಯನೊಬ್ಬ ಕೇಳಿದ. ನಿಜ, ಹೇರುತ್ತಾರೆ. ಯಾಕೆ ಹೇರುತ್ತಾರೆ ಎಂದೂ ಕೇಳಬೇಕಲ್ಲ. 2025-26ರ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ. ಅದು ಕಾರ್ಖಾನೆಯ ಗೇಟಿನ ದರ. ಕಟಾವು-ಸಾಗಣೆಯ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತದೆ. ಸಾಗಣೆಯ ಬಾಡಿಗೆ ಟನ್ನಿನ ಲೆಕ್ಕ, ಗೇಟಿನ ಸಾಲಿನಲ್ಲಿ ಕಾದ ತಾಸುಗಳಿಗೆ ಲೆಕ್ಕವಿಲ್ಲ. ದಿನಕ್ಕೊಂದೇ ಖೇಪು ಆಗುವುದಾದರೆ ಆ ಒಂದರಲ್ಲೇ ಎರಡು ಖೇಪಿನ ಕಬ್ಬು ಹೇರುತ್ತಾನೆ. ಅಷ್ಟು ಭಾರ ಹೊತ್ತು ಟೈರು ರಾತ್ರಿಯಿಡೀ ನಿಂತಿರುತ್ತದೆ. ಬೆಳಿಗ್ಗೆ ಮತ್ತೆ ಹೊಲ. ಅಲ್ಲಿ ಕೊಯ್ದ ಕಬ್ಬಿನ ಕೂಳೆ ಉಳಿಯಂತೆ ಅದರ ಬಗಲಿಗೆ ಚುಚ್ಚುತ್ತದೆ.

ಇನ್ನು ಕೆಲವರಿಗೆ ಇದೆಲ್ಲ 'ಜುಗಾಡ್', ಹೆಮ್ಮೆಯ ವಿಷಯ. ಸವೆದ ಲಾರಿ ಟೈರನ್ನು ಡಬ್ಬಿಗೆ ಹಾಕಿಕೊಂಡು ಓಡಿಸುವ ರೈತನ ಜಾಣತನವನ್ನು ಹೊಗಳುವ ವೀಡಿಯೊಗಳನ್ನು ನಾವು ಇಲ್ಲಿಂದ ಹಂಚುತ್ತೇವೆ. ನಮ್ಮ ಕಾರಿಗೆ ಮಾತ್ರ ಯಾರಾದರೂ ಸವೆದ ಟೈರು ಹಾಕಿಕೊಟ್ಟರೆ ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇವೆ. ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ಜಾಣತನ ಎನ್ನುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ.

ಹಾಗಾದರೆ ಹಳೆಯ ಟೈರೇ ಬೇಡವೇ? ಬೇಕು. ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ, ವರ್ಷದಲ್ಲಿ ನಾಲ್ಕೈದು ತಿಂಗಳು ಓಡುವ ಡಬ್ಬಿಗೆ ಒಳ್ಳೆಯ ರೀಟ್ರೆಡ್ ಸಾಕು. ಆದರೆ ಅದು ಒಳ್ಳೆಯದೆಂದು ಗುರುತಿಸುವುದು ಹೇಗೆ? ಟೈರು ಸಿಡಿದ ಮೇಲೆ ಬುದ್ಧಿ ಬಂದು ಜನವರಿಯಲ್ಲಿ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಗೆ ಹೋದೆ. ಅಲ್ಲಿ ಟೈರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಇಂಡಿ ಕಡೆಯ ಹಿರಿಯರೊಬ್ಬರು ಕೈಹಿಡಿದು ಕಲಿಸಿದರು. "ಮ್ಯಾಲಿನ ನಕ್ಷಿ ನೋಡಿ ಮಳ್ಳ ಆಗಬ್ಯಾಡ್ರಿ ಸರ, ಬಗಲ ನೋಡ್ರಿ."

ಲಾರಿ ಟೈರು ಓಡಿ ಓಡಿ ಸವೆಯುತ್ತದೆ. ಡಬ್ಬಿಯ ಟೈರು ನಿಂತು ನಿಂತು ಹಳತಾಗುತ್ತದೆ. ಹಂಗಾಮು ಮುಗಿದ ಮೇಲೆ ಬೇಸಿಗೆಯ ಬಿಸಿಲಿಗೆ ರಬ್ಬರು ಒಣಗಿ ಬಗಲಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಮೇಲೆ ನಕ್ಷಿ ಹೊಸದರಂತೆ, ಒಳಗೆ ನಾರು ಸತ್ತಿದೆ. ಬಗಲಿನಲ್ಲಿ ನಾಲ್ಕಂಕಿ ಒತ್ತಿರುತ್ತಾರೆ: 2219 ಎಂದರೆ 2019ರ ಇಪ್ಪತ್ತೆರಡನೆಯ ವಾರದ ಟೈರು. ಪ್ಲೈ ಸಂಖ್ಯೆ ಹೆಚ್ಚಿದ್ದರೆ ಭಾರ ತಾಳುವ ಶಕ್ತಿ ಹೆಚ್ಚು. ಒಂದೇ ಅಚ್ಚಿಗೆ ಒಂದು ನೈಲಾನ್, ಒಂದು ರೇಡಿಯಲ್ ಹಾಕಬಾರದು. ಮಳೆಗಾಲ-ಬೇಸಿಗೆಯಲ್ಲಿ ಅಚ್ಚಿನ ಕೆಳಗೆ ದಿಮ್ಮಿ ಕೊಟ್ಟು ಡಬ್ಬಿಯನ್ನು ಎತ್ತಿ ನಿಲ್ಲಿಸಿ, ಗಾಲಿಗೆ ಗೋಣಿಚೀಲ ಹೊದಿಸಬೇಕು. ಇಷ್ಟು ತಿಳಿಯಲು ಇಂಜಿನಿಯರ್ ಆದ ನನಗೆ ಒಂದು ಅಪಘಾತ ಬೇಕಾಯಿತು. ಊರಿನ ಸಂತೆಯಲ್ಲಿ ಕಪ್ಪು ಬಣ್ಣ ಹೊಡೆದು ಮಾರುವ ಟೈರಿನ ಮುಂದೆ ನಿಂತ ರೈತನಿಗೆ ಇದನ್ನು ಹೇಳುವವರು ಯಾರು?

ನಾನು ಕೇಳುವುದು ದಾನವಲ್ಲ. ಡಬ್ಬಿಗೆ ಹಾಕುವ ಟೈರಿಗೂ ರೀಟ್ರೆಡ್‌ಗೂ ಟ್ರ್ಯಾಕ್ಟರ್ ಟೈರಿನಂತೆ ಶೇ. 5 ತೆರಿಗೆ ಹಾಕಲಿ. ರೀಟ್ರೆಡ್ ಮಾಡಿದವರು ಯಾವಾಗ, ಎಷ್ಟನೆಯ ಸಲ ಮಾಡಿದ್ದೆಂದು ಟೈರಿನ ಮೇಲೆ ಒತ್ತಿ, ಬಿಲ್ಲಿನಲ್ಲಿ ಒಂದು ಹಂಗಾಮಿನ ಗ್ಯಾರಂಟಿ ಬರೆದುಕೊಡಲಿ. ಯೂರಿಯಾ ದಾಸ್ತಾನು ಮಾಡುವ ಊರಿನ ಕೃಷಿ ಪತ್ತಿನ ಸಹಕಾರಿ ಸಂಘ ಹಂಗಾಮಿಗೆ ಮೊದಲು ಬೇಡಿಕೆ ಬರೆದುಕೊಂಡು ನೂರು ಟೈರು ಒಟ್ಟಿಗೆ ತರಿಸಲಿ. ನೂರು ಕೊಳ್ಳುವವನಿಗೆ ಸಿಗುವ ದರ ನಾಲ್ಕು ಕೊಳ್ಳುವವನಿಗೆ ಸಿಗುವುದಿಲ್ಲ. ಕಾರ್ಖಾನೆಗಳು ಗೇಟಿನ ಸಾಲಿನಲ್ಲಿ ಕಾದ ತಾಸಿಗೂ ಬಾಡಿಗೆ ಕೊಡಲಿ. ಆಗ ಹೇರುವ ಭಾರ ತಾನಾಗಿ ಇಳಿಯುತ್ತದೆ.

ನಮ್ಮ ಪಾಲಿನ ಕೆಲಸವೂ ಇದೆ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇರುವವರು ನಾವು. ದೊಡ್ಡ ಟೈರು ಪೇಟೆಗಳು ನಮ್ಮ ಮನೆಯಿಂದ ಒಂದು ಬಸ್ಸಿನ ದೂರ. ಮರಾಠಿ, ತೆಲುಗು, ತಮಿಳಿನಲ್ಲಿ ಚೌಕಾಸಿ ಮಾಡಬಲ್ಲೆವು, ಬಿಲ್ಲು ಓದಬಲ್ಲೆವು. ಆದರೂ ಊರಿನಿಂದ ಫೋನು ಬಂದಾಗ ನಾವು ಕೊಡುವುದು ಬುದ್ಧಿವಾದ.

ನಿಗಡಿಯಿಂದ ನಾಲ್ಕು ರೀಟ್ರೆಡ್ ಟೈರುಗಳನ್ನು ಚಿಕ್ಕೋಡಿ ಕಡೆ ಹೊರಟಿದ್ದ ಲಾರಿಯಲ್ಲಿ ಹಾಕಿ ಕಳಿಸಿದೆ. ಅಣ್ಣ ಇಳಿಸಿಕೊಂಡು ಫೋನು ಮಾಡಿದ: "ತಮ್ಮಾ, ಬಗಲ ಚಲೋ ಅದಾವ. ಬಾಜೂಮನಿ ಕಾಕಾಗೂ ನಾಕ ಬೇಕಂತ, ಕೇಳ್ತೀಯೇನ?"

ಈ ಸಲ ಬುದ್ಧಿ ಹೇಳಲಿಲ್ಲ. ಅಳತೆ ಕೇಳಿ ಬರೆದುಕೊಂಡೆ.